ಹಸಿ ಗಾರೆಯ ಮೇಲಿನ ಮುಖ

ಬದುಕಿರುವವನ ಮುಖವನ್ನು ಚಿತ್ರದ ಸಂತನಿಗೆ ಇಡಕೂಡದು. ಇಟಲಿಯ ಮೊಂತೆಫೋಸ್ಕೊ ನಗರದ ಚಿತ್ರಗಾರರ ಸಂಘಕ್ಕೆ ಇದು ಮೊದಲ ನಿಯಮ. ಅದನ್ನು ಮುರಿಯದ ಹಿರಿಯ ಚಿತ್ರಗಾರ ಅಲ್ಲಿ ಒಬ್ಬನೂ ಇರಲಿಲ್ಲ. ಚಿತ್ರ ಬರೆಸಿದ ಧಣಿ ಯಾರೋ, ಸಂತನೂ ಅವನೇ. ಬಿಷಪ್ಪರು ಕಂಡೂ ಕಾಣದಂತಿದ್ದರು.

ಹೀಗಿರಲು ಒಂದು ಬೆಳಿಗ್ಗೆ ಡಂಗುರ ಕೇಳಿಸಿತು: "ದೊರೆ ಅರ್ದೆಲಿಯೊ ಕಟ್ಟಿಸಿದ ಹೊಸ ಇಗರ್ಜಿಯಲ್ಲಿ ಸಂತ ಸೆಬಾಸ್ಟಿಯನ್ನನ ಬಲಿದಾನ ಚಿತ್ರಿಸಬೇಕಾಗಿದೆ. ದೊರೆಯ ಮೂರು ಒಗಟು ಬಿಡಿಸಿದವನಿಗೆ ಪೀಠದ ಹಿಂದಿನ ಗೋಡೆ! ತಪ್ಪಿದವನಿಗೆ ಶಿರಚ್ಛೇದ!"

ನಂಬಿಕೆ ಬಿಡದೆ ಕಂಬಕ್ಕೆ ಕಟ್ಟಿಸಿಕೊಂಡು ಬಾಣ ತಿಂದವನು ಸೆಬಾಸ್ಟಿಯನ್. ಪ್ಲೇಗು ಬಂದರೆ ಜನ ಮೊರೆಹೋಗುವುದು ಅವನಿಗೇ. ಮದುವೆ ಪೆಟ್ಟಿಗೆಗಳ ಮೇಲೆ ಹೂಬಳ್ಳಿ ಬರೆದು ಬದುಕುವ ನೆಲ್ಲೊನ ತಾಯಿಯೂ ಹೋಗಿದ್ದಳು. ಪ್ಲೇಗು ಬಂದ ಆ ವರ್ಷ, ರೋಗ ಹರಡದಿರಲೆಂದು ಕಾವಲು ದಳಪತಿ ಅವರ ಮನೆಯ ಬಾಗಿಲಿಗೆ, ಒಳಗೆ ಗಂಡ ನರಳುತ್ತಿದ್ದಾಗಲೇ, ಹೊರಗಿನಿಂದ ಮೊಳೆ ಹೊಡೆಸಿದ್ದ. ಅವಳು ಹಿಂಬದಿ ಕಿಟಕಿಯಿಂದ ನುಸುಳಿ ಇಗರ್ಜಿಗೆ ಓಡಿದಳು. ತಲೆಯೆತ್ತಿದರೆ ಸಂತನ ಕೊರಳ ಮೇಲೆ ಅದೇ ದಳಪತಿಯ ಮುಖ! "ಅವನ ಮುಂದೆ ಹೇಗೆ ಮಂಡಿಯೂರಲಿ ಮಗಾ?" ಎಂದು ಬೇಡದೆಯೇ ಹಿಂತಿರುಗಿದಳು. ಹೆಚ್ಚು ದಿನ ಉಳಿಯಲಿಲ್ಲ. ಒಂದು ಗೋಡೆಯ ಮೇಲಾದರೂ ಸಂತನಿಗೆ ಸಂತನದೇ ಮುಖ ಇರಬೇಕೆಂದು ನೆಲ್ಲೊ ಅಂದೇ ಗಟ್ಟಿಮಾಡಿಕೊಂಡ.

ಡಂಗುರ ಕೇಳಿ ಅವನು ಆಸ್ಥಾನಕ್ಕೆ ಬಂದಾಗ ಸಂಘದ ಹಿರಿಯರಾದ ಗಾಸ್ಪರೆ, ಒರ್ಸಿನೊ ಆಗಲೇ ನಿಂತಿದ್ದರು. "ಏನಯ್ಯಾ ಪೆಟ್ಟಿಗೆ, ದೊರೆಗೇನು ಮದುವೆಯೇ?" ಎಂದ ಗಾಸ್ಪರೆ.

ದೊರೆ ಮೊದಲ ಒಗಟು ಹೇಳಿದ: "ತನ್ನನ್ನು ಕೊಂದದ್ದನ್ನು ತಾನೇ ಕೈಯಲ್ಲಿ ಹಿಡಿದಿದ್ದಾನೆ. ಕೊಲೆಗಾರನಲ್ಲ, ಅಳುವುದೂ ಇಲ್ಲ. ಯಾರವನು?"

"ಪೆಟ್ಟಿಗೆಯವನೇ ಮೊದಲು ಹೇಳಲಿ, ಚಿಕ್ಕವನು," ಎಂದ ಒರ್ಸಿನೊ, ತನ್ನ ಕತ್ತು ಸವರಿಕೊಳ್ಳುತ್ತ.

"ಚಿತ್ರದೊಳಗಿನ ಹುತಾತ್ಮ, ಪ್ರಭು," ಎಂದ ನೆಲ್ಲೊ. "ಚರ್ಮ ಸುಲಿಸಿಕೊಂಡವನ ಕೈಗೆ ಚೂರಿ, ಸುಟ್ಟುಹೋದವನ ಕೈಗೆ ಕಬ್ಬಿಣದ ಜಾಲರಿ ಕೊಡುತ್ತೇವೆ. ಓದು ಬಾರದವರು ಅದನ್ನು ನೋಡಿಯೇ ಸಂತನನ್ನು ಗುರುತಿಸುತ್ತಾರೆ."

"ನಮ್ಮದೂ ಅದೇ!" ಎಂದರು ಇಬ್ಬರೂ ಒಟ್ಟಿಗೆ.

ದೊರೆ ನಕ್ಕ. "ಇನ್ನು ಹಿರಿಯರೇ ಮೊದಲು. ಸಂತನ ಕಾಲಬಳಿ ಒಬ್ಬ ಇದ್ದಾನೆ. ಗಡ್ಡ ಬಂದಿದೆ, ಎತ್ತರ ಮಾತ್ರ ಮೊಣಕಾಲುದ್ದ. ಬಾಣ ತಡೆಯುವುದಿಲ್ಲ, ಬಿಡುವುದೂ ಇಲ್ಲ. ಯಾರು?"

ಗಾಸ್ಪರೆಗೆ ಉತ್ತರ ಗೊತ್ತಿತ್ತು. ಹಳೆಯ ಗೋಡೆಗಳ ಮೇಲೆ ಅಂಥವರನ್ನು ನೋಡಿಯೇ ಅವನ ಕೂದಲು ನೆರೆತಿತ್ತು. ಆದರೆ ದೊರೆಯ ಎದುರು ಹೇಳಲು ನಾಲಗೆ ಬರಲಿಲ್ಲ. "ದೇ... ದೇವದೂತ," ಎಂದ. ಭಟರು ಅವನ ರಟ್ಟೆ ಹಿಡಿದರು.

"ಚಿತ್ರ ಬರೆಸಿದ ಧಣಿ," ಎಂದ ನೆಲ್ಲೊ. "ಸಂತನ ಮುಂದೆ ಅವನು ಚಿಕ್ಕವನು. ಅದಕ್ಕೇ ಹಳಬರು ಅವನನ್ನು ಮೂಲೆಯಲ್ಲಿ, ಚಿಕ್ಕದಾಗಿ, ಮಂಡಿಯೂರಿಸಿ ಬರೆದರು." ಒರ್ಸಿನೊ ಮೆಲ್ಲಗೆ, "ನನ್ನದೂ..." ಎಂದ.

"ಕೊನೆಯದು. ಕೊಂದವರು ಸಂತನಿಂದ ಕಸಿಯಲಾಗದ್ದನ್ನು ಚಿತ್ರಗಾರ ಕುಂಚದಿಂದ ಕಸಿಯುತ್ತಾನೆ. ಏನದು? ಒರ್ಸಿನೊ?"

ನಿಜ ಹೇಳಿದರೆ ತನ್ನ ಕಳ್ಳತನವನ್ನು ತಾನೇ ಒಪ್ಪಿದಂತೆ. ಒರ್ಸಿನೊ "ನಂಬಿಕೆ," ಎಂದ. ಅವನನ್ನೂ ಎಳೆದೊಯ್ದರು.

"ಮುಖ," ಎಂದ ನೆಲ್ಲೊ. "ಕೊಂದವರು ಅವನ ಜೀವ ತೆಗೆದರು, ಮುಖ ಅವನದಾಗಿಯೇ ಉಳಿಯಿತು. ಅದನ್ನು ಕಿತ್ತು ಉಳ್ಳವರಿಗೆ ಕೊಟ್ಟವರು ನಾವು."

"ಭಲೇ! ಗೋಡೆ ನಿನ್ನದು," ಎಂದ ದೊರೆ. "ಈಗ ಆ ಮುಖ ನನಗೆ ಕೊಡು. ಕೊಡದಿದ್ದರೆ ಅವರ ದಾರಿಯೇ ನಿನಗೂ."

ನೆಲ್ಲೊ ಗೋಡೆಯ ಕೆಲಸ ಹಿಡಿದ. ಕಂಬ, ಬಾಣ, ಬಿಲ್ಲುಗಾರರು, ಸಂತನ ಮೈ ಎಲ್ಲ ಮುಗಿಯಿತು. ಚಿತ್ರದಲ್ಲಿ ಸಂತನ ಕಾಲಬಳಿ ಮೊಣಕಾಲುದ್ದದ ದೊರೆಯೂ ಮಂಡಿಯೂರಿ ಕೂತ. ಉಳಿದದ್ದು ಸಂತನ ಮುಖ. ಅಂದು ಬೆಳಿಗ್ಗೆ ಅಷ್ಟು ಜಾಗಕ್ಕೆ ನುಣ್ಣನೆ ಸುಣ್ಣದ ಗಾರೆ ಬಳಿದ. ಗಾರೆ ಹಸಿ ಇರುವಾಗಲೇ ಬಣ್ಣ ಕಚ್ಚಬೇಕು, ಒಣಗಿತೆಂದರೆ ಹಿಡಿಯದು.

ಎದುರಿಗೆ ದೊರೆ ಗಲ್ಲವೆತ್ತಿ, ಕಣ್ಣು ಆಕಾಶಕ್ಕೆ ನೆಟ್ಟು ಕೂತ. ಪಕ್ಕದಲ್ಲಿ ಕತ್ತಿ ಹಿಡಿದ ಭಟ.

"ಬರಿ," ಎಂದ ದೊರೆ.

ನೆಲ್ಲೊ ಬರೆಯಲಿಲ್ಲ.

"ಗಾರೆ ಒಣಗುತ್ತಿದೆಯಲ್ಲೋ! ಊರೆಲ್ಲ ಮಾಡುವುದನ್ನು ಮಾಡಲು ನಿನಗೇನು ರೋಗ?"

"ಇಲ್ಲಿಗೆ ಪ್ಲೇಗಿನವರು ಬರುತ್ತಾರೆ, ಪ್ರಭು. ಅವರು ಯಾರ ಮುಂದೆ ಮಂಡಿಯೂರಬೇಕು?"

ಗಾರೆಯ ಅಂಚು ಬೆಳ್ಳಗಾಯಿತು. ಆ ಬಿಳಿ ಮೆಲ್ಲಗೆ ನಡುವಿಗೆ ಹರಿಯಿತು. ಭಟ ಕತ್ತಿ ಎತ್ತಿದ. ನೆಲ್ಲೊ ಒಣಗಿದ ಗಾರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಕುಂಚವನ್ನು ನೀರಲ್ಲಿ ಅದ್ದಿ ತೊಳೆದ.