ಹೆಗ್ಡೆಯವರು ಕಡಲಿಗೆ ಹಾಲೆರೆದದ್ದು

ನಮ್ಮೂರ ಕಡಲ ದಂಡೆಯಲ್ಲಿ ಉಳಿದಿದ್ದದ್ದು ಒಂದೇ ಮರಳದಿಬ್ಬ. ಅದನ್ನೂ ಸಮುದ್ರ ದಿನಾ ಕೆರೆಯುತ್ತಿತ್ತು. ಆ ದಿಬ್ಬದ ಮರೆಯಲ್ಲಿ ಒಬ್ಬ ಕಲ್ಲುಕೆಲಸದವನ ವಿಧವೆ ತಂಗಿ ಗಿರಿಯಮ್ಮನ ಮನೆ.

ಪಕ್ಕದಲ್ಲೇ ವಸತಿಗೃಹ ಕಟ್ಟಿಸಿದ್ದ ವಾಮನ ಹೆಗ್ಡೆಯವರು ಆ ಕೆಲಸದವನನ್ನೇ ಕರೆಸಿದರು.

"ದಿಬ್ಬ ಕಡಿದು ಕೆಂಪುಕಲ್ಲಿನ ಮೆಟ್ಟಿಲು ಕಟ್ಟು. ನನ್ನ ಅತಿಥಿಗಳು ನೆಟ್ಟಗೆ ನೀರಿಗೆ ಇಳಿಯಬೇಕು."

"ಕಡಿದರೆ ಕಡಲು ತಂಗಿಯ ಮನೆಯೊಳಗೆ ಬರ್ತದೆ, ಒಡೆಯಾ."

"ಕಡಲಿಗೆ ನಾನು ಹೇಳ್ತೇನೆ! ನಿನಗಾಗದಿದ್ದರೆ ಹೊರಗಿನವರು ಕಟ್ತಾರೆ."

"ಹಾಗಾದರೆ ನೀವೇ ಹೇಳಿ. ಕಟ್ಟಿಸುವವರು ಮೊದಲ ಕಲ್ಲಿನ ಮೇಲೆ ನಿಂತು ಸಮುದ್ರರಾಜನಿಗೆ ಹಾಲೆರೆಯುವ ಕ್ರಮ ನಮ್ಮಲ್ಲುಂಟು."

ದೇವರ ಕಾರ್ಯ, ಹೆಗ್ಡೆಯವರು ಇಲ್ಲವೆನ್ನಲಿಲ್ಲ. ಕೆಲಸದವನು ಅಮಾವಾಸ್ಯೆಯ ಉಬ್ಬರದ ಹೊತ್ತನ್ನೇ ಗೊತ್ತುಮಾಡಿದ. ದಿಬ್ಬದ ಬುಡದಲ್ಲಿ ಕಲ್ಲಿಟ್ಟ. ಹೆಗ್ಡೆಯವರು ರೇಷ್ಮೆ ಪಂಚೆಯುಟ್ಟು ಅದರ ಮೇಲೆ ನಿಂತರು. ಹಾಲು ನೀರಿಗೆ ಬೀಳುವ ಮೊದಲೇ ತೆರೆ ಬಂತು, ಕಲ್ಲಿನಡಿಯ ಮರಳನ್ನು ಎಳೆದುಕೊಂಡು ಹೋಯಿತು. ಕಲ್ಲು ವಾಲಿತು. ಹೆಗ್ಡೆಯವರು ಮೊಣಕಾಲುದ್ದ ಹೂತರು. ಬೆನ್ನ ಹಿಂದೆ ದಿಬ್ಬ ಜರಿಯತೊಡಗಿತು.

"ಎಳೆಯೋ ಮಾರಾಯಾ! ಸಾಯ್ತೇನೆ!"

ಅವನು ಕೈ ಹಿಡಿದುಕೊಂಡ, ಆದರೆ ನಿಧಾನವಾಗಿ ಕೇಳಿದ. "ನೀವೊಬ್ಬರಾದ್ದಕ್ಕೆ ಎಳೆಯಬಹುದು ಒಡೆಯಾ. ನಾಳೆ ಅತಿಥಿಗಳು ಮಕ್ಕಳುಮರಿ ಸಮೇತ ನಿಂತರೆ ಯಾರನ್ನು ಮೊದಲು ಎಳೆಯಲಿ?"

"ನಿನ್ನ ದಮ್ಮಯ್ಯ, ಮೆಟ್ಟಿಲೇ ಬೇಡ!"

ಸಂಜೆ ಗಿರಿಯಮ್ಮ ಕಣ್ಣೊರೆಸಿಕೊಂಡಳು. "ಅಂತೂ ಮನೆ ಉಳೀತಲ್ಲ, ಅಣ್ಣಾ."

"ಹೆಗ್ಡೆಯವರ ಕೈಯಿಂದ ಉಳೀತು," ಎಂದ ಅವನು, ಕಡಲಿನತ್ತ ನೋಡುತ್ತಾ. "ಇದರ ಕೈಯಿಂದ ಉಳಿಯೋದಿಲ್ಲ. ಪಾತ್ರೆಪಗಡೆ ನನ್ನ ಮನೆಗೆ ಸಾಗಿಸೋಣ, ಏಳು."