ಕಲ್ಲಪ್ಪ ಆಮೆ ಸತ್ತದ್ದೂ ನಾಜೂಕಯ್ಯ ನರಿ ಬಂದದ್ದೂ

ಹೆಬ್ಬಂಡೆಗಳೇ ತುಂಬಿದ್ದ ಕಾಡೊಂದರಲ್ಲಿ ಒಂದು ಕರಡಿ ಸಂಸಾರವಿತ್ತು. ಅಪ್ಪ ಜಡಿಯಪ್ಪ, ಅವ್ವ ಮಾಕವ್ವ, ಮಗಳು ದುಂಡಿ. ಮೂವರೂ ಸೇರಿ ಒಂದು ಆಮೆಯನ್ನು ಸಾಕಿದ್ದರು. ಆಮೆಯನ್ನು ಕೇಳಿದರೆ ಮಾತ್ರ, “ಈ ಮೂರು ಕರಡಿಗಳನ್ನು ಸಾಕಿರೋನು ನಾನು” ಎನ್ನುತ್ತಿದ್ದ.

ಅವನು ಆ ಮನೆಗೆ ಬಂದದ್ದೇ ಒಂದು ತಮಾಷೆ. ಜಡಿಯಪ್ಪ ಒಂದು ದಿನ ಹೊಳೆದಂಡೆಯಿಂದ ಕೂರಲು ಚೆನ್ನಾಗಿದೆಯೆಂದು ಒಂದು ಕಲ್ಲನ್ನು ಹೊತ್ತು ತಂದ. ಗುಹೆಯ ಮುಂದೆ ಇಟ್ಟು ಅದರ ಮೇಲೆ ಆರಾಮಾಗಿ ಕೂತ. ಕಲ್ಲು ಬೈಯಿತು. ಅಂಥಿಂಥ ಬೈಗುಳವಲ್ಲ, ಜಡಿಯಪ್ಪನ ಮುತ್ತಾತನವರೆಗೂ ಹೋಗಿ ಬಂತು. ಅವತ್ತಿನಿಂದ ಆಮೆಗೆ ಕಲ್ಲಪ್ಪ ಎಂದೇ ಹೆಸರಾಯಿತು.

ಕಲ್ಲಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದನ್ನು ಆ ಕಾಡಿನಲ್ಲಿ ಯಾರೂ ಕೇಳಿರಲಿಲ್ಲ. ಜಡಿಯಪ್ಪನನ್ನು ಅವನು ‘ಮೂಟೆ’ ಎಂದು ಕರೆಯುತ್ತಿದ್ದ. ಮಾಕವ್ವ ಏನೇ ಹಣ್ಣು ತಂದರೂ “ಹುಳಿ” ಎನ್ನುತ್ತಿದ್ದ, ಹುಳಿಯೆನ್ನುತ್ತಲೇ ಪೂರ್ತಿ ತಿನ್ನುತ್ತಿದ್ದ. ದುಂಡಿಗೆ ಅವನಿಟ್ಟಿದ್ದ ಹೆಸರು ‘ಉಣ್ಣಿ’. ದುಂಡಿ ದಿನಾ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆಗೆ ಕರೆದೊಯ್ಯುತ್ತಿದ್ದಳು. ಅವನು ಮೇಲಿಂದ ದಾರಿ ಹೇಳುತ್ತಿದ್ದ. “ಎಡಕ್ಕೆ ಹೋಗೇ ಉಣ್ಣಿ, ಕಣ್ಣು ಕಾಣಲ್ವಾ? ನಡಿಗೆ ನೋಡು, ಸೋರೇಕಾಯಿ ಉರುಳಿದ ಹಾಗೆ!” ದುಂಡಿಗೆ ಅವನಿಲ್ಲದೆ ಹೊಳೆಗೆ ಹೋಗಲು ಕಾಲೇ ಬರುತ್ತಿರಲಿಲ್ಲ.

ಆಮೆಗಳಿಗೆ ಮುನ್ನೂರು ವರ್ಷ ಆಯಸ್ಸು ಎಂದು ಕಾಡಿನಲ್ಲಿ ಎಲ್ಲರೂ ನಂಬಿದ್ದರು. ಕಲ್ಲಪ್ಪನಂತೂ, “ನಿಮ್ಮ ಮೂವರ ತಿಥಿ ಊಟ ಉಂಡೇ ನಾನು ಹೋಗೋದು” ಎಂದು ಹೇಳಿಟ್ಟಿದ್ದ. ಹಾಗಾಗಿ ಅವನು ಸಾಯಬಹುದೆಂದು ಯಾರೂ ಎಣಿಸಿರಲಿಲ್ಲ.

ಒಂದು ಸಂಜೆ ದುಂಡಿ ಎಲೆಯ ಮೇಲೆ ಆರಿಸಿಟ್ಟಿದ್ದ ನೇರಳೆಹಣ್ಣುಗಳ ಮೇಲೆ ಕಲ್ಲಪ್ಪ ಹೋಗಿ ಕೂತುಬಿಟ್ಟ. ಹಣ್ಣೆಲ್ಲ ಜಜ್ಜಿಹೋಯಿತು. ದುಂಡಿ ಕಿರುಚಿದಳು. “ಸಾಯಿ ಹೋಗು! ನೀನು ಸತ್ತರೂ ನನಗೇನೂ ಆಗಲ್ಲ!”

“ನಿನಗಿಂತ ಮುಂಚೆ ನಾನ್ಯಾಕೆ ಸಾಯಲಿ? ಹೋಗೇ ಉಣ್ಣಿ” ಎಂದ ಕಲ್ಲಪ್ಪ.

ಮಾರನೆಯ ಬೆಳಿಗ್ಗೆ ಅವನು ಅರ್ಧ ಅಣಬೆ ತಿಂದ, ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ, ಸತ್ತುಹೋದ. ಅಷ್ಟೇ. ಕಾಯಿಲೆಯಿಲ್ಲ, ಕಸಾಲೆಯಿಲ್ಲ.

ಅವನು ಸತ್ತದ್ದು ಗೊತ್ತಾಗಲು ಅರ್ಧ ದಿನ ಬೇಕಾಯಿತು. ಅಲುಗಾಡದೆ ಕೂರುವುದು ಅವನ ದಿನನಿತ್ಯದ ಕೆಲಸವೇ ಆಗಿತ್ತು. ಮಧ್ಯಾಹ್ನ ಮಾಕವ್ವ ಅತ್ತಿಹಣ್ಣು ತಂದು ಮುಂದಿಟ್ಟಳು. “ಹುಳಿ” ಎಂಬ ಮಾತು ಬರಲಿಲ್ಲ. ಆಗ ಅವಳು ಚಿಪ್ಪನ್ನು ಅಲುಗಿಸಿ ನೋಡಿದಳು.

ಸುದ್ದಿ ಹಬ್ಬಿತು. ಸಮಾಧಾನ ಹೇಳಲು ಒಬ್ಬೊಬ್ಬರೇ ಬಂದರು. ಮುಳ್ಳುಹಂದಿ ಎಲ್ಲರನ್ನೂ ಅಪ್ಪಿಕೊಂಡು ಅಳಲು ಬಂತು. ಮೂವರೂ ಮೂರು ಹೆಜ್ಜೆ ಹಿಂದೆ ಸರಿದರು. ಮೊಲ, “ಹೋಗಲಿ ಬಿಡಿ, ಹೊಳೆ ತುಂಬಾ ಆಮೆಗಳಿವೆ, ಇನ್ನೊಂದು ತಂದುಕೊಂಡರಾಯಿತು” ಎಂದಿತು. ಹದ್ದು ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದು, ಕೊನೆಗೆ ಮೆಲ್ಲಗೆ, “ಅಂದಹಾಗೆ, ಇವರನ್ನು ಏನು ಮಾಡಬೇಕೂಂತಿದ್ದೀರಿ?” ಎಂದು ಕೇಳಿತು. ಜಡಿಯಪ್ಪ ಗುರ್ ಎಂದ. ಹದ್ದು ಹಾರಿಹೋಯಿತು.

ದುಂಡಿ ಮಾತ್ರ ಚಿಪ್ಪಿನ ಪಕ್ಕದಿಂದ ಏಳಲಿಲ್ಲ. ‘ನಾನು ಸಾಯಿ ಅಂದೆ, ಅವನು ಸತ್ತ’ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಆಗ ಬಂದ, ನಾಜೂಕಯ್ಯ ನರಿ. ಬಾಲವನ್ನು ಮಡಚಿ, ಮುಖವನ್ನು ಉದ್ದ ಮಾಡಿಕೊಂಡು ಬಂದ. ಚಿಪ್ಪಿಗೆ ಕಿವಿಯಿಟ್ಟ. ಕಣ್ಣು ಮುಚ್ಚಿದ. ಮತ್ತೆ ತೆರೆದ.

“ಇವರು ಸತ್ತಿದ್ದಾರೆ ಅಂದವರು ಯಾರು?” ಎಂದ.

“ಯಾಕೆ, ಸತ್ತಿಲ್ಲವಾ?” ದುಂಡಿ ದಡಕ್ಕನೆ ಎದ್ದಳು.

“ಎಲ್ಲಾದರೂ ಉಂಟೇ! ಇದು ಚಿಪ್ಪುನಿದ್ದೆ ಮಗು. ಮುನ್ನೂರು ವರ್ಷ ಬದುಕಬೇಕಾದರೆ ನಡುವೆ ಒಮ್ಮೆ ಮಲಗಬೇಡವೇ? ನಮ್ಮಜ್ಜಿಯ ಕಾಡಿನಲ್ಲಿ ಒಂದು ಆಮೆ ಹೀಗೇ ಮಲಗಿ, ಎದ್ದು, ಆಮೇಲೆ ಮದುವೆಯನ್ನೂ ಆಯಿತು.”

“ಇವನನ್ನು ಎಬ್ಬಿಸುವುದು ಹೇಗೆ?”

“ದಿನಾ ಮೂಗಿಗೆ ಹೊಸ ಜೇನು ಸವರಬೇಕು. ಯಾರೂ ಹತ್ತು ಹೆಜ್ಜೆಗಿಂತ ಹತ್ತಿರ ಬರಬಾರದು. ಮುಖ್ಯವಾಗಿ ಯಾರೂ ಅಳಬಾರದು. ಅತ್ತರೆ ನಿದ್ದೆಯಲ್ಲಿ ಇನ್ನೂ ಆಳಕ್ಕೆ ಇಳಿದುಬಿಡುತ್ತಾರೆ.”

“ಯಾರೂ ಹತ್ತಿರ ಹೋಗದಿದ್ದರೆ ಜೇನು ಸವರೋರು ಯಾರು?” ಮಾಕವ್ವ ಕೇಳಿದಳು.

ನಾಜೂಕಯ್ಯ ನಿಟ್ಟುಸಿರಿಟ್ಟ. “ಇಂಥ ಕಷ್ಟದ ಕೆಲಸವನ್ನು ಬೇರೆಯವರ ಮೇಲೆ ಹೊರಿಸೋಕಾಗುತ್ತಾ ತಾಯಿ? ನಾನೇ ಮಾಡ್ತೀನಿ.”

ಜಡಿಯಪ್ಪನಿಗೆ ನರಿಯ ಮಾತಿನಲ್ಲಿ ಎಳ್ಳಷ್ಟೂ ನಂಬಿಕೆ ಹುಟ್ಟಲಿಲ್ಲ. ಕರಡಿಯ ಮೂಗು ಅದು. ಸಾವು ಯಾವುದು, ನಿದ್ದೆ ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಯಿ ತೆರೆಯಬೇಕೆಂದು ಮಗಳ ಕಡೆ ತಿರುಗಿದ. ಮಧ್ಯಾಹ್ನದಿಂದ ಬಾಡಿಹೋಗಿದ್ದ ದುಂಡಿಯ ಮುಖ ಅರಳಿತ್ತು. ಜಡಿಯಪ್ಪ ತೆರೆದ ಬಾಯಿಯನ್ನು ಮುಚ್ಚಿಕೊಂಡ. ಮಾಕವ್ವನೂ ಸುಮ್ಮನಾದಳು.

ಗುಹೆಯ ಪಕ್ಕದ ಬಂಡೆಯ ಹಿಂದೆ ಕಲ್ಲಪ್ಪನನ್ನು ಮಲಗಿಸಿದ್ದಾಯಿತು, ಅಂದಿನಿಂದ ನಾಜೂಕಯ್ಯನ ಬಿಡಾರವೂ ಅಲ್ಲೇ ಆಯಿತು. ಜಡಿಯಪ್ಪ ಮರ ಹತ್ತಿ, ಮೂಗು ಮೂತಿಯೆಲ್ಲ ಕಚ್ಚಿಸಿಕೊಂಡು ಜೇನು ತರುತ್ತಿದ್ದ. ನಾಜೂಕಯ್ಯ ಬಂಡೆಯ ಹಿಂದೆ ಹೋಗಿ ಒಂದು ಹನಿಯನ್ನು ಚಿಪ್ಪಿಗೆ ಸವರಿ, ಉಳಿದದ್ದನ್ನೆಲ್ಲ ತನ್ನ ಹೊಟ್ಟೆಗೆ ಸವರಿಕೊಳ್ಳುತ್ತಿದ್ದ. ಮೂರನೆಯ ದಿನ, “ಕಲ್ಲಪ್ಪನವರಿಗೆ ಹಲಸಿನ ಪರಿಮಳವೂ ಬೇಕಂತೆ” ಎಂದ. ಹಲಸು ಬಂತು. ನಾಲ್ಕನೆಯ ದಿನ ಬೇರೆ ಪರಿಮಳ ಶುರುವಾಯಿತು. “ಒಳಗಿರುವ ಆಲಸ್ಯವೆಲ್ಲ ಹೊರಗೆ ಬರ್ತಾ ಇದೆ. ಶುಭಲಕ್ಷಣ!” ಎಂದು ನಾಜೂಕಯ್ಯ ಚಿಪ್ಪಿನ ಮೇಲೆ ಒಂದು ರಾಶಿ ತುಳಸಿ ಹೇರಿದ.

ನರಿಗೆ ಕುತ್ತಿಗೆಯೇ ಕಾಣದಷ್ಟು ಮೈ ಬಂತು. ದುಂಡಿ ಮಾತ್ರ ದಿನದಿನಕ್ಕೆ ಸೊರಗಿದಳು. ಹತ್ತು ಹೆಜ್ಜೆ ದೂರದಲ್ಲಿ ಕೂತು ಬಂಡೆಯನ್ನೇ ನೋಡುತ್ತಿದ್ದಳು. ಊಟವಿಲ್ಲ, ಆಟವಿಲ್ಲ. ಅಳು ಬಂದಾಗಲೆಲ್ಲ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅತ್ತರೆ ಕಲ್ಲಪ್ಪ ಇನ್ನೂ ಆಳಕ್ಕೆ ಹೋಗುತ್ತಾನಲ್ಲ! ಮಾಕವ್ವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಆದರೆ ಈಗ ನಿಜ ಹೇಳುವುದು ಮೊದಲ ದಿನಕ್ಕಿಂತ ಕಷ್ಟವಾಗಿತ್ತು.

ಆರನೆಯ ದಿನ ದುಂಡಿ ಹಟ ಹಿಡಿದಳು. “ನಾಜೂಕಯ್ಯ ಮಾಮ, ನಾನು ಕಲ್ಲಪ್ಪನ ಹತ್ತಿರ ಒಂದೇ ಒಂದು ಮಾತು ಕೇಳಬೇಕು. ಬಿಡದಿದ್ದರೆ ನಾಳೆಯಿಂದ ಜೇನಿಲ್ಲ.”

ಜೇನಿಲ್ಲ ಎಂದರೆ ಹೇಗೆ? ನಾಜೂಕಯ್ಯ ಯೋಚಿಸಿದ. “ಆಗಲಿ, ಅಲ್ಲಿಂದಲೇ ಕೇಳು. ನಿದ್ದೆಯಲ್ಲೇ ಉತ್ತರ ಕೊಡ್ತಾರೆ” ಎಂದು ಬಂಡೆಯ ಹಿಂದೆ ಸರಿದ.

ದುಂಡಿ ಕೇಳಿದಳು. “ಕಲ್ಲಪ್ಪಾ, ನಾನು ಸಾಯಿ ಅಂದೆನಲ್ಲ, ಅದಕ್ಕೆ ನನ್ನ ಮೇಲೆ ಕೋಪವಾ?”

ಬಂಡೆಯ ಹಿಂದಿನಿಂದ ಸಣ್ಣ ದನಿ ಬಂತು. “ಕೋಪವೇ, ನನ್ನ ಬಂಗಾರದಂಥ ಕಂದಾ! ನಿನ್ನಂಥ ಜಾಣಮರಿಯ ಮೇಲೆ ಕೋಪ ಮಾಡಿಕೊಳ್ಳೋಕಾಗುತ್ತಾ? ನಿನ್ನ ತಾಯಿ ಕೊಡೋ ಹಣ್ಣು ಅಮೃತ, ನಿನ್ನ ತಂದೆ ದೇವರಂಥೋರು. ನಾಳೆಯಿಂದ ಜೇನುಹುಟ್ಟು ಎರಡು ತರೋಕೆ ಹೇಳು ಪುಟ್ಟಾ.”

ದುಂಡಿ ಬಂಡೆಯ ಕಡೆ ಕಿವಿ ನಿಮಿರಿಸಿದಳು.

ಬಂಗಾರವಂತೆ. ಪುಟ್ಟಾ ಅಂತೆ. ಹಣ್ಣು ಅಮೃತವಂತೆ! ಕಲ್ಲಪ್ಪ ಬದುಕಿದ್ದಿದ್ದರೆ, ನಿದ್ದೆಯಲ್ಲಿರಲಿ, ಜ್ವರದಲ್ಲಿರಲಿ, ಇಂಥ ಮಾತಾಡುತ್ತಿದ್ದನೇ? “ಕೋಪ ಬೇರೆ ಕೇಡು, ಬೆನ್ನು ಬಗ್ಗಿಸೇ ಉಣ್ಣಿ, ಹೊಳೆಗೆ ಹೊತ್ತಾಯ್ತು” ಎನ್ನುತ್ತಿದ್ದ. ದುಂಡಿಗೆ ಆ ಕ್ಷಣ ಎರಡು ವಿಷಯ ಒಟ್ಟಿಗೇ ತಿಳಿದವು. ಮಾತಾಡಿದ್ದು ನರಿ. ಕಲ್ಲಪ್ಪ ಸತ್ತಿದ್ದಾನೆ.

ಅವಳು ಓಡಿಹೋಗಿ ಅಪ್ಪನ ಎದೆಗೆ ಮುಖ ಒತ್ತಿದಳು. “ಅಪ್ಪಾ, ಕಲ್ಲಪ್ಪ ಸತ್ತಿದ್ದಾನೆ.”

“ಹೌದು ಮಗಾ.”

“ನಿನಗೆ ಗೊತ್ತಿತ್ತಾ?”

“ಮೊದಲ ದಿನವೇ ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?” ದುಂಡಿ ಅಪ್ಪನ ಎದೆಗೆ ಗುದ್ದಿದಳು.

“ಆ ನರಿ ಮಾತಿಗೆ ನೀನು ನಕ್ಕೆಯಲ್ಲ… ಆ ನಗು ಕಿತ್ತುಕೊಳ್ಳೋಕೆ ನನ್ನ ಕೈಲಾಗಲಿಲ್ಲ.”

“ನಾನು ಸಾಯಿ ಅಂದಿದ್ದಕ್ಕೇ ಅವನು ಸತ್ತನಾ ಅಪ್ಪಾ?”

“ಬೈಗುಳಕ್ಕೆ ಸಾಯೋ ಹಾಗಿದ್ದರೆ, ಅವನ ಬೈಗುಳಕ್ಕೆ ಈ ಕಾಡೇ ಖಾಲಿಯಾಗಬೇಕಿತ್ತು ಮಗಾ” ಎಂದಳು ಮಾಕವ್ವ, ಮಗಳ ತಲೆ ನೇವರಿಸುತ್ತಾ.

ದುಂಡಿ ಬಾಯಿ ತೆರೆದು ಅತ್ತಳು. ಆರು ದಿನದ ಅಳುವೆಲ್ಲ ಒಟ್ಟಿಗೇ ಬಂತು. ಮಾಕವ್ವನೂ ಅತ್ತಳು. ಜಡಿಯಪ್ಪ ಅತ್ತ ಸದ್ದಿಗೆ ಮರದ ಮೇಲಿದ್ದ ಗಿಳಿಗಳೆಲ್ಲ ಹಾರಿದವು.

ಬಂಡೆಯ ಹಿಂದಿನಿಂದ ನಾಜೂಕಯ್ಯ ತಲೆ ಹೊರಹಾಕಿ, “ಶ್! ಅಳಬಾರದು ಅಂದಿಲ್ಲವಾ?” ಎಂದ.

ಜಡಿಯಪ್ಪ ಕಣ್ಣೊರೆಸಿಕೊಂಡು ಎದ್ದ. ಎದ್ದ ರೀತಿ ನೋಡಿ ನಾಜೂಕಯ್ಯ ಅತ್ತಿತ್ತ ಕಣ್ಣು ಹಾಯಿಸಿದ. ಎದುರಿಗೆ ಕರಡಿ, ಹಿಂದೆ ಬಂಡೆ. ಓಡೋಣವೆಂದರೆ ಹೊಟ್ಟೆಯಲ್ಲಿ ನಾಲ್ಕು ದಿನದ ಹಲಸು. ಅವನಿಗೆ ನರಿಗಳ ಹಳೆಯ ಉಪಾಯ ಹೊಳೆಯಿತು. ದೊಪ್ಪನೆ ಬಿದ್ದು, ನಾಲಿಗೆ ಹೊರಚಾಚಿ, ಉಸಿರು ಹಿಡಿದು ಸತ್ತವನಂತೆ ಮಲಗಿದ.

ದುಂಡಿ ಮೂಗೊರೆಸಿಕೊಂಡು ಹತ್ತಿರ ಬಂದಳು. ನೋಡಿದಳು. “ಅವ್ವಾ, ನಾಜೂಕಯ್ಯ ಮಾಮ ಸತ್ತರು.”

“ಛೆ, ಬಿಡ್ತು ಅನ್ನು. ಅದು ಚಿಪ್ಪುನಿದ್ದೆ ಕಣೇ” ಎಂದಳು ಮಾಕವ್ವ.

“ಚಿಪ್ಪೇ ಇಲ್ಲವಲ್ಲ ಅವ್ವಾ?”

“ನಾಜೂಕಿನವರು ನೋಡು, ಚಿಪ್ಪಿಲ್ಲದೆಯೂ ಮಲಗ್ತಾರೆ. ಹೋಗು, ಜೇನು ತಗೊಂಡು ಬಾ.”

ಅವತ್ತು ತಂದಿದ್ದ ಜೇನು ಹಾಗೇ ಇತ್ತು. ದುಂಡಿ ನಾಜೂಕಯ್ಯನ ಮೂಗಿಗೆ ಸವರಿದಳು. ಮೂಗಿಗಷ್ಟೇ ಸಾಲದೇನೋ ಎಂದು ಕಿವಿಗೂ ಸವರಿದಳು, ಹೊಟ್ಟೆಗೂ ಸವರಿದಳು. ಬಾಲ ಎತ್ತಿ ಅಲ್ಲಿಗೂ ಸವರಿದಳು. ಆಮೇಲೆ ಮೂವರೂ ಹತ್ತು ಹೆಜ್ಜೆ ಎಣಿಸಿ, ದೂರ ಹೋಗಿ ಕೂತರು.

ಮೊದಲು ಒಂದು ಕೆಂಪಿರುವೆ ಬಂತು. ಅದು ಹೋಗಿ ತನ್ನ ಕಡೆಯವರಿಗೆಲ್ಲ ಹೇಳಿತು. ಸ್ವಲ್ಪ ಹೊತ್ತಿಗೆ ಸಾಲು ಸಾಲಾಗಿ ದಿಬ್ಬಣವೇ ಬಂತು. ನಾಜೂಕಯ್ಯನ ಎಡಗಿವಿ ಅಲುಗಿತು.

“ಯಾರೂ ಅಳಬಾರದು” ಎಂದಳು ದುಂಡಿ.

ಯಾರೂ ಅಳಲಿಲ್ಲ. ಹಿಂಗಾಲು ಅದುರಿತು. “ಶುಭಲಕ್ಷಣ” ಎಂದ ಜಡಿಯಪ್ಪ. ಇರುವೆಗಳು ಬಾಲದ ಬುಡಕ್ಕೆ ತಲುಪಿದವು. ನಾಜೂಕಯ್ಯ ಮೂರಾಳೆತ್ತರ ಹಾರಿದ, “ಅಯ್ಯಯ್ಯಪ್ಪೋ!” ಎಂದು ಊಳಿಡುತ್ತಾ ಮುಳ್ಳುಪೊದೆಯೊಳಗೆ ನುಗ್ಗಿ, ಹೊಳೆಗೆ ಬಿದ್ದು, ಆಚೆ ದಡ ಹತ್ತಿ ಓಡಿದ. ಅವನ ತುಟಿ ಒಂದು ತಿಂಗಳು ಹಾಗಲಕಾಯಿಯಂತೆ ಊದಿಕೊಂಡಿತ್ತಂತೆ. ಅಂಥ ತುಟಿಯಲ್ಲಿ ಸುಳ್ಳು ಹೇಳುವುದು ಬಹಳ ಕಷ್ಟ. ಆ ಕಡೆಗೆ ಅವನು ಮತ್ತೆ ಬರಲಿಲ್ಲ.

ಆಮೇಲೆ ಮೂವರೂ ಹೊಳೆದಂಡೆಯಲ್ಲಿ ಗುಂಡಿ ತೋಡಿದರು. ಮೂಗು ಮುಚ್ಚಿಕೊಂಡೇ ಕಲ್ಲಪ್ಪನನ್ನು ಮಲಗಿಸಿದರು. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕಲ್ಲ? ಮೂವರೂ ಮುಖ ಮುಖ ನೋಡಿಕೊಂಡರು. ಯಾರಿಗೂ ಒಂದೂ ಹೊಳೆಯಲಿಲ್ಲ.

“ಮಹಾ ಒರಟ” ಎಂದ ಜಡಿಯಪ್ಪ ಕೊನೆಗೆ. “ಒಂದೇ ಒಂದು ಸಲ ಮೇಲೆ ಕೂತಿದ್ದಕ್ಕೆ ಹತ್ತು ವರ್ಷ ಬೈದ.”

“ನನ್ನ ಕೈಯ ಒಂದು ಹಣ್ಣನ್ನೂ ಚೆನ್ನಾಗಿದೆ ಅನ್ನಲಿಲ್ಲ” ಎಂದಳು ಮಾಕವ್ವ. “ಒಂದನ್ನೂ ಬಿಡಲೂ ಇಲ್ಲ.”

ದುಂಡಿ ಗುಂಡಿಯ ಅಂಚಿನಲ್ಲಿ ಕೂತು ಬಗ್ಗಿ ಹೇಳಿದಳು. “ನೀನು ಸತ್ತರೆ ಏನೂ ಆಗಲ್ಲ ಅಂದಿದ್ದು ಸುಳ್ಳು ಕಣೋ, ಕೆಟ್ಟ ಆಮೆ. ತುಂಬಾ ಆಗುತ್ತೆ.”

ಯಾರು ಮೊದಲು ನಕ್ಕರೋ, ಯಾರು ಮೊದಲು ಅತ್ತರೋ ತಿಳಿಯಲಿಲ್ಲ. ಅಳುತ್ತಾ ನಗುತ್ತಾ ಮಣ್ಣು ಮುಚ್ಚಿದರು.

ಮನೆಗೆ ಬಂದು ಮಾಕವ್ವ ಊಟ ಬಡಿಸಿದಳು. ರೂಢಿಬಲದಿಂದ ನಾಲ್ಕು ಎಲೆ ಹಾಕಿಬಿಟ್ಟಿದ್ದಳು. ಮೂವರೂ ನಾಲ್ಕನೆಯ ಎಲೆಯನ್ನು ನೋಡಿದರು. ಆಮೇಲೆ ದುಂಡಿ ಕೈಚಾಚಿ ಅದರಲ್ಲಿದ್ದ ಹಣ್ಣನ್ನು ಮೂರು ಪಾಲು ಮಾಡಿದಳು. ತನ್ನ ಪಾಲನ್ನು ಅಳುತ್ತಲೇ ತಿಂದಳು. ಆದರೆ ಪೂರ್ತಿ ತಿಂದಳು.

ನೀತಿ: ಹೋದವರು ಹೋದರೆಂದು ಒಪ್ಪಿಕೊಂಡು ಬಾಯಿಬಿಟ್ಟು ಅತ್ತುಬಿಡಬೇಕು, ಅಳುವನ್ನು ತಡೆದಿಟ್ಟ ಮನೆಗೆ ನರಿ ನೆಂಟನಾಗಿ ಬರುತ್ತದೆ.