ಟಿವಿ ತೋರಿಸದೆ ಬಿಟ್ಟದ್ದು

ಬೈಕು, ಟಿವಿಗಳ ಮಾತು ಅರ್ಥವಾಗುವುದು ಈ ಸೀಮೆಯಲ್ಲಿ ನನಗೊಬ್ಬನಿಗೇ. ಸಂಶಯವಿದ್ದರೆ ಅವುಗಳನ್ನೇ ಕೇಳಿ. ಮೊನ್ನೆ ಮಣ್ಣಿನ ಹಾದಿಯ ಬೈಕ್ ರೇಸಿನಲ್ಲಿ ಒಬ್ಬ ಸವಾರ ಬಿದ್ದದ್ದನ್ನು ಟಿವಿ ಎಂಟು ಸಲ ತೋರಿಸಿತು. ನಮ್ಮ ಬೀದಿಯ ನಾಗವೇಣಜ್ಜಿ ಎಂಟು ಜನ ಬಿದ್ದರೆಂದೇ ತಿಳಿದು, "ನಾಳೆಯೇ ನಿನ್ನ ಬೈಕು ಮಾರಿಬಿಡು," ಎಂದು ಮೊಮ್ಮಗಳು ಸುಗುಣಳ ಮುಂದೆ ಹಟ ಹಿಡಿದಳು.

ಜಗಲಿಯಲ್ಲಿದ್ದ ಬೈಕು ಕಿಟಕಿಯಿಂದ ಕೇಳಿತು: "ಟಿವಿಯಣ್ಣಾ, ಬಿದ್ದವನು ಒಬ್ಬನೇ ತಾನೇ?"

"ಒಬ್ಬನೇ, ತಮ್ಮಾ. ಎದ್ದು ಬಟ್ಟೆ ಕೊಡವಿಕೊಂಡು ಹೋದ."

"ಅದನ್ನೇಕೆ ತೋರಿಸಲಿಲ್ಲ?"

"ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ಎದ್ದವನನ್ನು ಯಾರು ನೋಡುತ್ತಾರೆ?"

"ಅಜ್ಜಿ ನೋಡುತ್ತಾಳೆ. ನಾನೇ ತೋರಿಸುತ್ತೇನೆ," ಎಂದಿತು ಬೈಕು.

ಬೆಳಿಗ್ಗೆ ಸುಗುಣ ಕಣ್ಣೊರೆಸಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಕೊನೆಯ ಸುತ್ತು ಹೊರಟಳು. ಅಜ್ಜಿಯ ಕಣ್ಣೆದುರೇ ಬೈಕು ಮೆತ್ತನೆಯ ಕೆಸರು ಹುಡುಕಿ, ಎಮ್ಮೆಯಂತೆ ನಿಧಾನವಾಗಿ ಮಲಗಿತು. ಅಜ್ಜಿ ಕಿರುಚಿ ಕಣ್ಣು ಮುಚ್ಚಿಕೊಂಡಳು. ಬಿಟ್ಟು ನೋಡಿದರೆ ಮೊಮ್ಮಗಳು ನಗುತ್ತಾ ನಿಂತಿದ್ದಾಳೆ.

"ಎದ್ದೆಯಾ ಮಗಾ? ಅಲ್ಲಿ ಎಂಟು ಮಂದಿಯಲ್ಲಿ ಒಬ್ಬನೂ ಏಳಲಿಲ್ಲವಲ್ಲೇ!" ಎನ್ನುತ್ತಾ ಅಜ್ಜಿ ಸೆರಗಿನಿಂದ ಮೊದಲು ಮೊಮ್ಮಗಳ ಮುಖ ಒರೆಸಿದಳು, ಆಮೇಲೆ ಬೈಕಿನದು.